ರಾಜ್ಯ ಒಪ್ಪಿದರೆ ಸಾಲದು

ಕ್ಯಾಲಿಫೋರ್ನಿಯಾಗೆ ಬರುತ್ತಿದ್ದೀರಿ, ವೀಸಾ, ಡ್ರೈವಿಂಗ್ ಲೈಸೆನ್ಸ್, ಟ್ಯಾಕ್ಸ್ ಇದರಲ್ಲಿ ಯಾವುದು ಯಾರ ಕೈಯಲ್ಲಿ ಅಂತ ಕೇಳಿದ್ದೀರಿ. ನಾವೆಲ್ಲ ಬಂದಾಗಲೂ ಇದೇ ಗೊಂದಲ. ನಮ್ಮ ತಲೆಯಲ್ಲಿ ಕೂತಿರುವುದು ಭಾರತದ ಸಂವಿಧಾನದ ಏಳನೇ ಅನುಸೂಚಿಯ ಮೂರು ಪಟ್ಟಿ: ಕೇಂದ್ರ, ರಾಜ್ಯ, ಇಬ್ಬರಿಗೂ ಸೇರಿದ್ದು. ಅಲ್ಲಿ ಯಾವ ಪಟ್ಟಿಗೂ ಸೇರದ್ದು ಕೇಂದ್ರಕ್ಕೆ. ಅಮೆರಿಕದಲ್ಲಿ ತಿರುಗಾಮುರುಗಾ: ಸಂವಿಧಾನ ಫೆಡರಲ್ (ಅಂದರೆ ಕೇಂದ್ರ) ಸರ್ಕಾರಕ್ಕೆ ಕೊಡದೆ ಬಿಟ್ಟದ್ದು ಹತ್ತನೇ ತಿದ್ದುಪಡಿಯಂತೆ ರಾಜ್ಯಕ್ಕೆ ಅಥವಾ ಜನರಿಗೆ.

ವೀಸಾ, ಪೌರತ್ವ, ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಫೆಡರಲ್. ಲೈಸೆನ್ಸ್, ಶಾಲೆ, ಮದುವೆ ನೋಂದಣಿ ರಾಜ್ಯದ್ದು. ಆದಾಯ ತೆರಿಗೆ ಇಬ್ಬರಿಗೂ. ಟೆಕ್ಸಾಸ್‌ನಲ್ಲಾದರೆ ಸಂಬಳದ ಮೇಲೆ ರಾಜ್ಯದ ತೆರಿಗೆಯಿಲ್ಲ.

ಲೈಸೆನ್ಸ್ ರಾಜ್ಯದ್ದಾದರೂ ಅದನ್ನು ಕೊಡುವ ರಾಜ್ಯದ ವಾಹನ ಇಲಾಖೆ, ಅಂದರೆ ಡಿಎಂವಿ, ನಿಮ್ಮ ವೀಸಾ ಸ್ಥಿತಿಯನ್ನು ಫೆಡರಲ್ ದಾಖಲೆಯಲ್ಲಿ ತಾಳೆ ನೋಡುತ್ತದೆ. ಸಿಕ್ಕಿಕೊಳ್ಳುವುದು ಅಲ್ಲೇ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂಬ ಗುರುತು) ಬೀಳುತ್ತದೆ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮವರಿಗೆ ಇದು ಮಾಮೂಲಿ ತಲೆನೋವು. ಆದ್ದರಿಂದ ಇಳಿದ ಕೂಡಲೇ ಆನ್‌ಲೈನ್‌ನಲ್ಲಿ ಐ-94 (ದೇಶದೊಳಗೆ ಬಂದ ದಾಖಲೆ) ತೆಗೆದು ಹೆಸರು, ಹುಟ್ಟಿದ ದಿನ, ಇಲ್ಲಿ ಇರಬಹುದಾದ ಕೊನೆಯ ದಿನಾಂಕ ನೋಡಿ. ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಎಸ್‌ಎಸ್‌ಎನ್, ಅದಾದ ಮೇಲೆ ಡಿಎಂವಿ.

ನಾನು ಒತ್ತಿ ಹೇಳಬೇಕಾದ್ದು ಗಾಂಜಾ ವಿಷಯ. ಕ್ಯಾಲಿಫೋರ್ನಿಯಾ 2016ರ ಮತದಾನದಲ್ಲಿ 21 ತುಂಬಿದವರಿಗೆ ಅದನ್ನು ಕಾನೂನುಬದ್ಧ ಮಾಡಿತು. ಅಂಗಡಿಗೆ ಬೋರ್ಡಿದೆ, ಬಿಲ್ ಕೊಡುತ್ತಾರೆ, ರಾಜ್ಯ ತೆರಿಗೆಯನ್ನೂ ತೆಗೆದುಕೊಳ್ಳುತ್ತದೆ. ಆದರೆ ನಿಮ್ಮ ವೀಸಾ ನಡೆಯುವುದು ಫೆಡರಲ್ ಕಾನೂನಿನ ಮೇಲೆ. 1970ರ ಫೆಡರಲ್ ಮಾದಕವಸ್ತು ಕಾಯ್ದೆಯ ಲೆಕ್ಕದಲ್ಲಿ ಅದು ಇನ್ನೂ ನಿಯಂತ್ರಿತ ಮಾದಕವಸ್ತು. ಕೇಸು, ಶಿಕ್ಷೆ ಯಾವುದೂ ಬೇಕಿಲ್ಲ, ವಿಮಾನ ನಿಲ್ದಾಣದ ಅಧಿಕಾರಿಯ ಮುಂದೆ ಗಾಂಜಾ ಬಳಸಿದ್ದೇನೆ ಎಂದು ಒಪ್ಪಿಕೊಂಡರೂ ಪ್ರವೇಶ ನಿರಾಕರಿಸಬಹುದು. ಪಾರ್ಟಿಯಲ್ಲಿ ಕೈಗಿಡುವ, ಗಾಂಜಾ ಬೆರೆಸಿದ ಗಮ್ಮಿ ಮಿಠಾಯಿಯೂ ಇದೇ ಲೆಕ್ಕ. ಲೈಸೆನ್ಸ್ ಪಡೆದ ಗಾಂಜಾ ಕಂಪನಿಯಲ್ಲಿ ಕೆಲಸ ಮಾಡಿದ್ದೂ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು. ವಲಸೆ ಇಲಾಖೆ 2019ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. 'ಇಲ್ಲಿ ಲೀಗಲ್ ಕಣ್ರೀ' ಅನ್ನುವ ಸ್ನೇಹಿತರು ಬಹುಪಾಲು ಸಿಟಿಜನ್‌ಗಳು.

ಡಿಎಂವಿ ಅರ್ಜಿಯಲ್ಲೇ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಸಿಟಿಜನ್ ಎಂಬಲ್ಲಿ ಅವಸರದಲ್ಲಿ ಗುರುತು ಹಾಕಬೇಡಿ. ಸುಳ್ಳು ಪೌರತ್ವ ಹೇಳಿಕೊಂಡದ್ದು ಗಡೀಪಾರಿಗೆ ಕಾರಣವಾಗುತ್ತದೆ.

ಮನೆ ಬದಲಿಸಿದಾಗ ಡಿಎಂವಿಗೆ 10 ದಿನದೊಳಗೆ ತಿಳಿಸಿ. ಅವರು ಅದನ್ನು ವಲಸೆ ಇಲಾಖೆಗೆ ದಾಟಿಸುವುದಿಲ್ಲ. ಅಲ್ಲಿಗೆ ವಿಳಾಸ ಬದಲಾವಣೆಯ ಫಾರಂ ಎಆರ್-11 ಬೇರೆಯೇ, ಅದಕ್ಕೂ 10 ದಿನ. ದುಡ್ಡು ಬೇಕಿಲ್ಲ, ಆನ್‌ಲೈನ್‌ನಲ್ಲೇ ಮುಗಿಯುತ್ತದೆ.