ಉ: ‘ಫುಲ್ ಟೈಟ್’ ಬಿಟ್ರೆ ಬೇರೆ ಏನಂತಾರೆ?

ಗುರು, ನಿಮ್ ಆಫೀಸಲ್ಲಿ ಯಾರೋ ‘ಅವ್ನು ಫುಲ್ ಟೈಟು’ ಅಂದ್ರು, ಹಂಗಂದ್ರೇನು ಅಂತ ಕೇಳಿದ್ರಲ್ಲ, ಅದು ಬಟ್ಟೆ ಬಗ್ಗೆ ಅಲ್ಲ, ಚೆನ್ನಾಗ್ ಕುಡ್ದಿದಾನೆ ಅಂತ. ಬೆಂಗ್ಳೂರಲ್ಲಿ ಜಾಸ್ತಿ ಓಡೋದು ಅದೇ. ಬೇರೆ ಪದ ಕೇಳಿದ್ರಲ್ಲ, ಮೊದ್ಲು ‘ಎಣ್ಣೆ’ ಗೊತ್ತಿರ್ಬೇಕು, ಎಣ್ಣೆ ಅಂದ್ರೆ ಬ್ರಾಂದಿ ವಿಸ್ಕಿ ರಮ್ಮು ಯಾವ್ದಾದ್ರೂ ಸರಿ, ‘ಎಣ್ಣೆ ಹೊಡ್ಯೋಣ್ವಾ’ ಅಂದ್ರೆ ಕುಡಿಯೋಣ್ವಾ ಅಂತ. ಒಂದ್ಸಲ ಫ್ರೆಂಡ್ ಮನೇಲಿ ಹರಟೆ ಹೊಡೀತಿದ್ವಿ, ಅವ್ರಮ್ಮ ಅಡಿಗೆಮನೆಯಿಂದ ‘ಎಣ್ಣೆ ತಂದ್ಯೇನೋ’ ಅಂತ ಕೂಗಿದ್ರು, ಬಾಣಲೆ ಒಲೆ ಮೇಲಿತ್ತು ಪಾಪ, ನಾವ್ ನಾಲ್ಕೂ ಜನ ಮುಖ ಮುಖ ನೋಡ್ಕೊಂಡು ನಗು ತಡ್ಕೊಳಕ್ಕಾಗ್ದೆ ಎದ್ದು ಹೊರಗ್ ಬಂದ್ವಿ.

ಟೈಟ್ ಆಗೋಕ್ ಮುಂಚೆ ‘ಕಿಕ್ ಏರ್ತು’, ಆಮೇಲೆ ಮಾತು ಜಾಸ್ತಿ ಆದ್ರೆ ‘ಒಳಗಿರೋ ಪರಮಾತ್ಮ ಆಡಿಸ್ತಿದಾನೆ’, ಬಿದ್ದೋದ್ರೆ ‘ಫ್ಲಾಟ್’ ಇಲ್ಲಾ ‘ಔಟ್’. ನಂಗಂತೂ ಪರಮಾತ್ಮನೇ ಇಷ್ಟ, ಬೈದಂಗೂ ಆಯ್ತು, ತಪ್ಪು ದೇವ್ರ ಮೇಲೂ ಹೋಯ್ತು. ಹಿರಿಯರ ಮುಂದೆ ಆದ್ರೆ ‘ತೀರ್ಥ ತಗೊಂಡಿದಾನೆ’ ಅನ್ನಿ, ಅವ್ರಿಗೂ ಅರ್ಥ ಆಗತ್ತೆ. ಪೇಪರಲ್ಲಿ ಬರೋ ‘ಪಾನಮತ್ತ’ನ ಬಾಯಲ್ಲಿ ಯಾರೂ ಅನ್ನಲ್ಲ.

ಇನ್ನೊಂದು, ‘ನೈಂಟಿ’ ಅಂದ್ರೆ 90 ಎಂಎಲ್ಲು, ‘ಕ್ವಾಟ್ರು’ ಅಂದ್ರೆ 180. ‘ಕ್ವಾಟ್ರಿಗೇ ಟೈಟಾ?’ ಅಂತ ಯಾರಾದ್ರೂ ಕೇಳಿದ್ರೆ ಕಾಲೆಳೀತಿದಾರೆ ಅಂತ ತಿಳ್ಕೊಳಿ.