ಹಕ್ಕಿ ಏನು ಮಾಡಿತು, ಅದನ್ನು ಬರೆಯಿರಿ

ಆತ್ಮೀಯರೇ,

ನೀವು ಕಳಿಸಿದ 'ಹಿನ್ನೀರಿನ ಅತಿಥಿಗಳು' ಓದಿದೆ. ಕೊಪ್ಪಳದ ಹಕ್ಕಿಗಳ ಬಗ್ಗೆ ಕೊಪ್ಪಳದವರೇ ಬರೆದದ್ದು ನೋಡಿ ಖುಷಿಯಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆಂದು ನೇರವಾಗಿ ಹೇಳುತ್ತೇನೆ.

ಮೊದಲ ಎರಡು ಪುಟದ ತುಂಬಾ ಸೂರ್ಯೋದಯ, ತಂಗಾಳಿ, ನಿಮ್ಮ ಉಲ್ಲಾಸ. ಹಕ್ಕಿ ಬರುವುದೇ ಮೂರನೇ ಪುಟಕ್ಕೆ. ಅಲ್ಲೂ ತುಂಗಭದ್ರಾ ಹಿನ್ನೀರಿನ ಬಣ್ಣದ ಕೊಕ್ಕರೆ 'ಋಷಿಯಂತೆ ನೀರನ್ನೇ ದಿಟ್ಟಿಸುತ್ತಾ ನಿಂತಿತ್ತು' ಎಂದಿದ್ದೀರಿ. ಅದು ಹಾಗೆ ಮೀನು ಹಿಡಿಯುವುದಿಲ್ಲ. ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಇಳಿಬಿಡುತ್ತದೆ. ನಿಧಾನಕ್ಕೆ ನಡೆಯುತ್ತಾ ಆ ಕಡೆ ಈ ಕಡೆ ಆಡಿಸುತ್ತದೆ. ಕಾಲಿನಿಂದ ಕೆದಕಿ ಮೀನನ್ನು ಎಬ್ಬಿಸುತ್ತದೆ. ಮೀನು ತಾಗಿತೋ, ಟಪ್ಪನೆ ಕೊಕ್ಕು ಮುಚ್ಚುತ್ತದೆ. ಕಣ್ಣಿಗಿಂತ ಸ್ಪರ್ಶವನ್ನೇ ಜಾಸ್ತಿ ನಂಬುವುದರಿಂದ ರಾಡಿ ನೀರಿನಲ್ಲೂ ಅದಕ್ಕೆ ಊಟ ಸಿಗುತ್ತದೆ. ಅಲುಗಾಡದೆ ನೀರನ್ನು ದಿಟ್ಟಿಸಿ ನಿಲ್ಲುವುದು ಬೂದು ಬಕ. ನೀವು ನೋಡಿದ್ದು ಯಾವುದನ್ನು? ಋಷಿಯ ಹೋಲಿಕೆ ಮೊದಲೇ ತಲೆಯಲ್ಲಿತ್ತು, ಹಕ್ಕಿಯನ್ನು ಅದಕ್ಕೆ ಹೊಂದಿಸಿದಿರಿ ಅನ್ನಿಸಿತು.

ನಿಮಗೆ ನೋಡಲು ಬರುವುದಿಲ್ಲ ಅಂತಲ್ಲ. ಗಂಗಾವತಿಯ ಗದ್ದೆಯ ಭಾಗ ಬಹಳ ಚೆನ್ನಾಗಿದೆ. ನಾಟಿಗೆ ಮುಂಚೆ ಕೆಸರು ಮಾಡುವ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳು ಓಡುತ್ತವೆ. ಮೇಲೆದ್ದ ಹುಳ, ಕಪ್ಪೆಗಳನ್ನು ಹೆಕ್ಕುತ್ತವೆ. ಟ್ರ್ಯಾಕ್ಟರ್ ನಿಂತರೆ ಬದುವಿಗೆ ಹೋಗಿ ಕಾಯುತ್ತವೆ. ಇದು ನೀವೇ ಕಂಡದ್ದು ಅಂತ ಓದುವಾಗಲೇ ಗೊತ್ತಾಗುತ್ತದೆ. ಲೇಖನ ಇಲ್ಲಿಂದಲೇ ಶುರುವಾಗಲಿ. ಹಿಂದಿನದ್ದೆಲ್ಲ ತೆಗೆಯಿರಿ.

ಕಾಲುವೆಯ ಕಪ್ಪು-ಬಿಳಿ ಮಿಂಚುಳ್ಳಿಯನ್ನು 'ಗುರಿ ತಪ್ಪದ ಬೇಟೆಗಾರ' ಎಂದಿದ್ದೀರಿ. ಗುರಿ ಖಂಡಿತ ತಪ್ಪುತ್ತದೆ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಧುಮುಕಿ, ಬರಿಗೊಕ್ಕಿನಲ್ಲಿ ಮೇಲೆದ್ದು, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಆ ಸೋಲುಗಳನ್ನೂ ಬರೆಯಿರಿ. ಹಕ್ಕಿಯ ಹೊಟ್ಟೆಪಾಡಿನ ಕಷ್ಟ ಓದುಗರಿಗೆ ತಟ್ಟುವುದೇ ಅಲ್ಲಿ.

ಇನ್ನು ಬಾಯ್ಕಳಕ ಕೊಕ್ಕರೆ. ಮುಚ್ಚಿದಾಗಲೂ ಕೊಕ್ಕಿನ ನಡುವೆ ಸಂದು ಉಳಿಯುವ ಹಕ್ಕಿ ಅದು. 'ಬಸವನಹುಳು ತಿನ್ನುತ್ತಿತ್ತು' ಎಂದು ಸುಮ್ನೆ ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಚಿಪ್ಪಿನೊಳಗಿನ ಹುಳುವನ್ನು ಹೇಗೆ ಹೊರತೆಗೆಯಿತು? ಅದೇ ಅಲ್ವಾ ನೋಡಬೇಕಾದದ್ದು! ಇನ್ನೊಮ್ಮೆ ಹೋಗಿ. ಅದು ತಿಂದು ಬಿಟ್ಟ ಚಿಪ್ಪನ್ನು ಎತ್ತಿ ನೋಡಿ: ಒಡೆದಿದೆಯೋ, ಇಡಿಯಾಗಿದೆಯೋ. ಹಕ್ಕಿ ತಾನಾಗಿ ಹಾರಿಹೋದ ಮೇಲೆಯೇ ಗದ್ದೆಗೆ ಇಳಿಯಿರಿ. ಫೋಟೋಗಾಗಿ ಅದನ್ನು ಎಬ್ಬಿಸಬೇಡಿ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಸಂಪಾದಕ