ನೆಲದ ಮ್ಯಾಲೆ ಹೊರಳ್ಯಾಡೋದು ಕುಣಿತ ಏನ್ರಿ?

(ಜಮಖಂಡಿ ತಾಲ್ಲೂಕಿನ ತಾಯಿಯೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ. ಹೆಸರು ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ.)

ಅಕ್ಕಾವ್ರೇ, ಶರಣು.

ನಿಮ್ಮ ಪತ್ರ ಬಂದು ಹದಿನೈದು ದಿನ ಆಯಿತು. ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುವ ವಿಷಯ ಇದಲ್ಲ ಅನ್ನಿಸಿ ಈ ಸಂಚಿಕೆಯವರೆಗೆ ತಡೆದೆ. ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳುತ್ತೇನೆ. ನಿಮ್ಮ ಮಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾನೆ. ಸಣ್ಣವನಿದ್ದಾಗಿನಿಂದ ಊರ ಮೊಹರಂ ಹೆಜ್ಜೆ ಮೇಳದಲ್ಲಿ ಗೆಜ್ಜೆ ಕಟ್ಟಿದವನು. ಹೋದ ವರ್ಷ ಬೆಂಗಳೂರಿನಲ್ಲಿ ಹತ್ತು ದಿನದ ಶಿಬಿರಕ್ಕೆ ಹೋಗಿ ಬಂದ. ಈಗ ಅಲ್ಲಿಯ ಒಂದು ಸಂಸ್ಥೆಯ ಎರಡು ವರ್ಷದ ಸಮಕಾಲೀನ ನೃತ್ಯದ ಡಿಪ್ಲೊಮಾಕ್ಕೆ ಆಯ್ಕೆಯಾಗಿದ್ದಾನೆ. ಕಬ್ಬಿನ ಬಿಲ್ ಬಂದರೆ ಮೊದಲ ವರ್ಷದ ಫೀ ಹೊಂದುತ್ತದೆ, ಎರಡನೆಯದಕ್ಕೆ ಒಂದೆಕರೆ ಹೊಲ ಮಾರೋಣ ಎನ್ನುತ್ತಾರೆ ನಿಮ್ಮ ಯಜಮಾನರು. ನೀವು ಕೇಳಿದ್ದು ಮೂರು ಪ್ರಶ್ನೆ. "ಮೊಬೈಲಿನ್ಯಾಗ ತೋರಿಸಿದ. ಹಾಡೂ ಇಲ್ಲ, ತಾಳಾನೂ ಇಲ್ಲ. ನೆಲದ ಮ್ಯಾಲೆ ಹೊರಳ್ಯಾಡ್ತಾರ. ಇದು ಕುಣಿತ ಏನ್ರಿ?" "ಕಲಿತ ಮ್ಯಾಲೆ ಹೊಟ್ಟಿಗೆ ಏನ್ ಮಾಡ್ತಾನ?" "ಕುಣಿಯಾವಗ ಕನ್ಯಾ ಯಾರ್ ಕೊಡ್ತಾರ?"

ಮೂರನೆಯದನ್ನು ಮೊದಲು ಮುಗಿಸುತ್ತೇನೆ. ನನ್ನ ಹತ್ತಿರ ಅದಕ್ಕೆ ಉತ್ತರ ಇಲ್ಲ. ಹುಡುಗನಿಗೆ ಈಗ ಇಪ್ಪತ್ತೊಂದು. ಆ ಮಾತನ್ನು ನಾಲ್ಕೈದು ವರ್ಷ ಬಿಟ್ಟು ಆಡೋಣ.

ಇನ್ನು ಮೊದಲನೆಯದು. ಕೆಲವು ವರ್ಷಗಳ ಹಿಂದೆ ಒಂದು ಲೇಖನಕ್ಕಾಗಿ ಬೆಂಗಳೂರಿನ ಇಂಥದೇ ತರಗತಿಯೊಂದರಲ್ಲಿ ಗೋಡೆಗೆ ಒರಗಿ ಇಡೀ ಬೆಳಿಗ್ಗೆ ಕೂತಿದ್ದೆ. ಮರದ ಹಲಗೆಯ ನೆಲ. ಹದಿನಾಲ್ಕು ಹುಡುಗ ಹುಡುಗಿಯರು ಅಂಗಾತ ಮಲಗಿದ್ದರು. ಟೀಚರ್ ಒಬ್ಬ ಹುಡುಗನ ಪಕ್ಕ ಕೂತು ಅವನ ಮುಂಗೈ ಎತ್ತಿ ಹಿಡಿದು, "ತೂಕ ನನಗೆ ಕೊಡು" ಎಂದರು. ಅವನು ಹೂಂ ಅಂದ. ಅವರು ಕೈಬಿಟ್ಟರು. ಅವನ ಕೈ ಗಾಳಿಯಲ್ಲೇ ನಿಂತಿತು! ಬಿಟ್ಟಿದ್ದೇನೆ ಅಂತ ಅವನು ತಿಳಿದಿದ್ದ, ಆದರೆ ಭುಜ ಬಿಟ್ಟಿರಲಿಲ್ಲ. ಮತ್ತೆ ಎತ್ತಿದರು, ಮತ್ತೆ ಬಿಟ್ಟರು. ಇಪ್ಪತ್ತು ನಿಮಿಷ ಇದೇ ನಡೆಯಿತು. ಕೊನೆಗೊಮ್ಮೆ ಕೈ ಧಪ್ಪನೆ ಹಲಗೆಯ ಮೇಲೆ ಬಿತ್ತು. ಹುಡುಗ ನಕ್ಕ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು. ಯಾಕೆ ಅಂತ ನಾನು ಕೇಳಲಿಲ್ಲ.

ಅದಾದ ಮೇಲೆ ಬೀಳುವ ಪಾಠ. ನಿಂತವರು ನೆಲಕ್ಕೆ ಬೀಳಬೇಕು, ಸದ್ದಾಗಬಾರದು. ಮೊಣಕಾಲು ಯಾವತ್ತೂ ಮೊದಲು ತಾಗಬಾರದು. ಕಣಕಾಲಿನ ಹೊರಮಗ್ಗುಲು, ಆಮೇಲೆ ತೊಡೆ, ಸೊಂಟದ ಬದಿ, ಬೆನ್ನು, ಭುಜ, ಹೀಗೆ ತೂಕ ಒಂದರಿಂದ ಇನ್ನೊಂದಕ್ಕೆ ಹರಿದುಹೋಗಬೇಕು. ಬಿದ್ದ ರಭಸವನ್ನೇ ಹಿಡಿದುಕೊಂಡು ಮೇಲೇಳಬೇಕು. ನೀವು ಮೊಬೈಲಿನಲ್ಲಿ ನೋಡಿದ ಹೊರಳಾಟ ಇದು. ಗುರುತ್ವದ ಜೊತೆ ಜಗಳ ಬಿಟ್ಟು ಅದರ ಕೂಡ ಕೆಲಸ ಮಾಡುವುದನ್ನು ಮೈಗೆ ಕಲಿಸುವ ವಿಧಾನ. ಭರತನಾಟ್ಯ ಕಲಿತು ಬಂದವರಿಗೆ ಅಲ್ಲಿ ಬಲು ಕಷ್ಟವಾಗುತ್ತಿತ್ತು. ಅರೆಮಂಡಿಯಲ್ಲಿ, ಅಂದರೆ ಮೊಣಕಾಲು ಅರ್ಧ ಬಾಗಿಸಿ ನಿಂತು, ಬೆನ್ನು ನೆಟ್ಟಗೆ ಇಟ್ಟು ಹತ್ತು ವರ್ಷ ರೂಢಿಯಾದ ಮೈ ಒಂದು ದಿನದಲ್ಲಿ ಬಾಗುವುದಿಲ್ಲ. ಹೆಜ್ಜೆ ಮೇಳದಲ್ಲಿ ಹಲಗೆ ವಾದ್ಯದ ಬಡಿತಕ್ಕೆ ಮೊಣಕಾಲು ಸಡಿಲಿಸಿ ತೂಕವನ್ನು ನೆಲಕ್ಕೆ ಇಳಿಸಿ ಎತ್ತುವುದು ನಿಮ್ಮ ಮಗನಿಗೆ ಗೊತ್ತಿದೆ. ಅವನನ್ನು ಆಯ್ಕೆ ಮಾಡಿದವರು ಅದನ್ನೇ ನೋಡಿರಬೇಕು ಎಂಬುದು ನನ್ನ ಊಹೆ. ಅವನು ಅಲ್ಲಿಗೆ ಬರಿಗೈಯಲ್ಲಿ ಹೋಗುತ್ತಿಲ್ಲ.

ಮೈ ಸಡಿಲಿಸುವುದಷ್ಟೇ ಕಲಿಕೆಯಲ್ಲ. ಇಂಥ ಕೋರ್ಸುಗಳಲ್ಲಿ ಬೆಳಿಗ್ಗೆ ಕೇರಳದ ಸಮರಕಲೆ ಕಳರಿಪಯಟ್ಟು ಅಥವಾ ಯೋಗ, ಬ್ಯಾಲೆಯ ಕಂಬಿ ಹಿಡಿದು ಕಾಲಿನ ಅಭ್ಯಾಸ, ಒಂದು ಭಾರತೀಯ ಶಾಸ್ತ್ರೀಯ ನೃತ್ಯ, ಆಮೇಲೆ ಸಮಕಾಲೀನ ನೃತ್ಯದ ಬೇರೆ ಬೇರೆ ಪದ್ಧತಿಗಳು ಇರುತ್ತವೆ. ಅಮೆರಿಕದ ಮಾರ್ಥಾ ಗ್ರಹಾಂ ಪದ್ಧತಿಯಲ್ಲಿ ಉಸಿರು ಬಿಡುತ್ತ ಹೊಟ್ಟೆಯನ್ನು ಬೆನ್ನಿನ ಕಡೆ ಎಳೆದುಕೊಳ್ಳುತ್ತಾರೆ, ಅಲ್ಲಿಂದಲೇ ಇಡೀ ಮೈಯ ಚಲನೆ ಹುಟ್ಟಬೇಕು. 1972ರಲ್ಲಿ ಅಮೆರಿಕದ ನೃತ್ಯಗಾರ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್‌ನಲ್ಲಿ ಇಬ್ಬರು ಒಬ್ಬರ ಮೇಲೊಬ್ಬರು ತೂಕ ಹಾಕಿ, ಮುಂದಿನ ಚಲನೆಯನ್ನು ಅಲ್ಲೇ ಹುಡುಕಿಕೊಳ್ಳುತ್ತಾರೆ. ಮಧ್ಯಾಹ್ನದ ಮೇಲೆ ಸ್ವಂತ ರಚನೆ. ಮೂರು ನಿಮಿಷದ ತುಣುಕು ಕಟ್ಟಿ ತಂದು ತೋರಿಸಿದರೆ, "ಇದರಲ್ಲಿ ನಿನ್ನದು ಯಾವುದು?" ಎಂದು ಕೇಳುತ್ತಾರೆ. ಅಲ್ಲಿ ಬಹಳ ಮಕ್ಕಳು ತಡವರಿಸುತ್ತಾರೆ.

"ಇದು ಹೊರಗಿನವರದು" ಎಂದು ನಿಮ್ಮ ಭಾವನವರು ಹೇಳಿದರಂತೆ. ಅವರಿಗೆ ಇದನ್ನು ಓದಿ ಹೇಳಿ. ನಮ್ಮ ದೇಶದ ಸಮಕಾಲೀನ ನೃತ್ಯಗಾರ ಅಸ್ತಾದ್ ದೇಬೂ (1947–2020) ನಿಮ್ಮ ಮಗನ ಹಾಗೆ ಕಾಮರ್ಸ್ ಓದಿದವರು. ಹುಡುಗನಿದ್ದಾಗ ಜಮ್‌ಶೆಡ್‌ಪುರದಲ್ಲಿ ಕಥಕ್ ಕಲಿತರು, ಲಂಡನ್ನಿನಲ್ಲಿ ಗ್ರಹಾಂ ಪದ್ಧತಿ ಕಲಿತರು, ತಿರುಗಿ ಬಂದು ಕಥಕ್ಕಳಿಗೆ ಕೂತರು. ಇದೆಲ್ಲ ಸೇರಿ ಅವರದೇ ಒಂದು ನಡಿಗೆ ಆಯಿತು. ಕಿವಿ ಕೇಳದ ಮಕ್ಕಳೊಂದಿಗೆ, ಮಣಿಪುರದ ಡೋಲಿನವರೊಂದಿಗೆ ಅವರು ಕೆಲಸ ಮಾಡಿದರು. ಚೆನ್ನೈಯ ಚಂದ್ರಲೇಖಾ ಭರತನಾಟ್ಯದವರು. 1985ರ 'ಅಂಗಿಕ' ಎಂಬ ರಚನೆಯಲ್ಲಿ ದೇವರ ಕಥೆ ಬಿಟ್ಟು, ಭರತನಾಟ್ಯ, ಯೋಗ, ಕಳರಿ ಮೂರನ್ನೂ ಎದುರುಬದುರು ನಿಲ್ಲಿಸಿದರು. ನಮ್ಮ ರಾಜ್ಯದಲ್ಲೇ ಮಾಯಾ ರಾವ್ ಇದ್ದರು. ಕಥಕ್ ಕಲಿತು, ಸೋವಿಯತ್ ಒಕ್ಕೂಟದಲ್ಲಿ ನೃತ್ಯ ಸಂಯೋಜನೆ ಓದಿ ಬಂದು, ಬೆಂಗಳೂರಿನಲ್ಲಿ ಅದನ್ನೊಂದು ಶಿಸ್ತಾಗಿ ಕಲಿಸಿದರು. ಅವರ ಮಗಳು ಮಧು ನಟರಾಜ್ 1995ರಲ್ಲಿ ಸಮಕಾಲೀನ ನೃತ್ಯದ ತಂಡ ಕಟ್ಟಿದರು. ಅದಕ್ಕೂ ಮೊದಲು, 1992ರಲ್ಲೇ, ಬೆಂಗಳೂರಿನ ಸಮಕಾಲೀನ ನೃತ್ಯ ಸಂಸ್ಥೆ ಅಟ್ಟಕ್ಕಳರಿ ಶುರುವಾಗಿತ್ತು. ಇಷ್ಟು ಹೇಳಿದ ಮೇಲೂ ಭಾವನವರು ಒಪ್ಪದಿದ್ದರೆ ಬಿಡಿ, ಮುಂದಿನ ಮೊಹರಂನಲ್ಲಿ ಹುಡುಗ ಕುಣಿಯುವಾಗ ಅವರೇ ನೋಡಲಿ.

ಎರಡನೆಯ, ಹೊಟ್ಟೆಪಾಡಿನ ಪ್ರಶ್ನೆಗೆ ಬರುತ್ತೇನೆ. ಪತ್ರದಲ್ಲಿ ನೀವು ಹೆದರಿದ್ದು ಆ ಎರಡು ವರ್ಷಕ್ಕೆ. ನನಗೆ ಅದರ ಹೆದರಿಕೆ ಇಲ್ಲ. ಕಲಿಯುವಾಗ ವೇಳಾಪಟ್ಟಿ ಇರುತ್ತದೆ, ಜೊತೆಗಾರರಿರುತ್ತಾರೆ, ತಪ್ಪಿದರೆ ತಿದ್ದುವವರಿರುತ್ತಾರೆ. ಕೋರ್ಸು ಮುಗಿದ ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಅವನನ್ನು ಯಾರೂ ಕರೆಯುವುದಿಲ್ಲ. ಅಲ್ಲಿಂದ ಮೂರು ವರ್ಷ ಕಠಿಣ. ನಿಮ್ಮ ದುಡ್ಡು, ನಿಮ್ಮ ಧೈರ್ಯ ಎರಡೂ ಬೇಕಾಗುವುದು ಆವಾಗ.

ಬೆಳಗಾವಿ ಕಡೆಯ ಒಬ್ಬ ಹುಡುಗಿಯನ್ನು ನಾನು ಅವಳ ಕಲಿಕೆಯ ದಿನಗಳಿಂದ ಬಲ್ಲೆ. ಡಿಪ್ಲೊಮಾ ಮುಗಿದ ಮೇಲೆ ಬೆಂಗಳೂರಿನಲ್ಲಿ ಮೂವರು ಗೆಳತಿಯರೊಂದಿಗೆ ಒಂದು ಕೋಣೆ ಹಿಡಿದಳು. ವಾರದಲ್ಲಿ ಮೂರು ದಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ. ಡಿಸೆಂಬರ್ ಬಂದರೆ ಶಾಲೆಗಳ ಗ್ಯಾದರಿಂಗ್ ಕುಣಿತ ಕೂರಿಸುವ ಕೆಲಸ, ಮದುವೆ ಸೀಸನ್ನಿನಲ್ಲಿ ಬೀಗರಿಗೆ ಸಂಗೀತ್ ಹೆಜ್ಜೆ ಕಲಿಸುವುದು. ಸಂಜೆ ಒಬ್ಬ ಸಂಯೋಜಕರ ತಂಡದಲ್ಲಿ ತಾಲೀಮು. ತಾಲೀಮಿಗೆ ಬಹಳ ಕಡೆ ದುಡ್ಡು ಕೊಡುವುದಿಲ್ಲ, ಪ್ರದರ್ಶನಕ್ಕಷ್ಟೇ. ಎರಡು ತಿಂಗಳ ತಾಲೀಮಿಗೆ ಎರಡು ಪ್ರದರ್ಶನ. ಅದರ ಹಣವೂ ಎಷ್ಟೋ ಸಲ ಕಬ್ಬಿನ ಬಿಲ್ ಹಾಗೇ ತಡವಾಗಿ ಬರುತ್ತದೆ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎರಡನೇ ವರ್ಷ ಕಾಲಿನ ಹಿಮ್ಮಡಿ ಗಂಟು ತಿರುಚಿ ಆರು ವಾರ ಕೂತಳು. ಆ ಆರು ವಾರ ಒಂದು ರೂಪಾಯಿ ಇಲ್ಲ. ಮನೆಯವರು ತಿಂಗಳ ಬಾಡಿಗೆ ಕಳಿಸಿದ್ದರಿಂದ ಅವಳು ಊರಿಗೆ ವಾಪಸು ಬರಲಿಲ್ಲ. ಇವತ್ತು ಅವಳದೇ ರಚನೆ ರಂಗಕ್ಕೆ ಬಂದಿದೆ.

ಅವಳನ್ನು ಒಮ್ಮೆ ನಮ್ಮದೇ ಕಾರ್ಯಕ್ರಮಕ್ಕೆ ಕರೆಸಿದ್ದೆ. ಬಯಲಲ್ಲಿ ಪೆಂಡಾಲು, ಕಬ್ಬಿಣದ ಕಾಲಿನ ಸ್ಟೇಜು, ಮೇಲೆ ಪ್ಲೈವುಡ್, ಅದರ ಮೇಲೆ ಕೆಂಪು ಕಾರ್ಪೆಟ್. ಮಧ್ಯಾಹ್ನವೇ ಬಂದಳು. ಬರಿಗಾಲಲ್ಲಿ ಒಂದು ಮೂಲೆಯಿಂದ ಶುರು ಮಾಡಿ ಅಂಗುಲ ಅಂಗುಲ ಪಾದ ಒತ್ತಿ ನೋಡುತ್ತ ನಡೆದಳು. ನಾಲ್ಕು ಕಡೆ ಹಲಗೆಗಳ ಸಂದು, ಎರಡು ಕಡೆ ಮೇಲೆದ್ದ ಮೊಳೆ. "ಕಾರ್ಪೆಟ್ ತೆಗಸ್ರಿ ಸರ್, ಮೊಳಿ ಬಡೀಲಿ" ಎಂದಳು. ಸ್ಟೇಜಿನವರು, "ಏನ್ ನಾಜೂಕ ಅದಾಳ್ರೀ!" ಎಂದರು. ನಾನು ಅವರಿಗೆ ಗಟ್ಟಿಯಾಗಿ ಹೇಳಬೇಕಿತ್ತು, ಹೊತ್ತಾಯಿತೆಂದು ಸುಮ್ಮನಾದೆ. ಮೊಳೆ ಬಡಿದರು, ಸಂದು ಹಾಗೇ ಉಳಿಯಿತು. ಅವಳು ನೆಲದ ಭಾಗವನ್ನೆಲ್ಲ ಬಿಟ್ಟು ಹದಿನೈದು ನಿಮಿಷದ ರಚನೆಯನ್ನು ಒಂಬತ್ತಕ್ಕೆ ಇಳಿಸಿ ಕುಣಿದಳು. ಆ ಆರು ನಿಮಿಷ ನಾವು ಕಳೆದುಕೊಂಡೆವು. ಅದು ನನ್ನ ತಪ್ಪು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಅಂದಿನಿಂದ ಕಲಾವಿದರನ್ನು ಕರೆಯುವ ಮೊದಲು ನೆಲ ಎಂಥದು ಬೇಕು ಎಂದು ಕೇಳುತ್ತೇನೆ. ನಿಮ್ಮ ಮಗನೂ ಹಾಗೆ ಕೇಳುವುದನ್ನು ಮೊದಲ ದಿನದಿಂದಲೇ ಕಲಿಯಲಿ: ನೆಲ ಎಂಥದು, ಮುಂಗಡ ಎಷ್ಟು, ಗಾಯವಾದರೆ ಖರ್ಚು ಯಾರದು. ಸಂಕೋಚ ಬೇಡ, ಬರಹದಲ್ಲೇ ಕೇಳಲಿ.

ಹಾಗಾಗಿ ನನ್ನ ಸಲಹೆ ಇದು. ಕಳಿಸಿ. ಆದರೆ ಆರನೇ ಸೆಮಿಸ್ಟರ್ ಪರೀಕ್ಷೆ ಬರೆದೇ ಹೋಗಲಿ. ಬಿ.ಕಾಂ. ಕೈಯಲ್ಲಿದ್ದರೆ ಆ ಮೂರು ವರ್ಷ ಯಾರದಾದರೂ ಲೆಕ್ಕ ಬರೆದಾದರೂ ಬಾಡಿಗೆ ಕಟ್ಟಬಹುದು. ಹೊಲ ಈಗ ಮಾರಬೇಡಿ. ಎರಡನೇ ವರ್ಷದ ಫೀಯಲ್ಲಿ ರಿಯಾಯಿತಿ ಅಥವಾ ಕಂತು ಕೊಡುತ್ತೀರಾ ಎಂದು ಸಂಸ್ಥೆಯವರನ್ನು ಯಜಮಾನರೇ ಹೋಗಿ ಕೇಳಲಿ. ಕೇಂದ್ರದ ಸಂಸ್ಕೃತಿ ಸಚಿವಾಲಯ 18ರಿಂದ 25 ವಯಸ್ಸಿನ ಕಲಾವಿದರಿಗೆ ಎರಡು ವರ್ಷ, ತಿಂಗಳಿಗೆ 5,000 ರೂಪಾಯಿಯಂತೆ ವಿದ್ಯಾರ್ಥಿವೇತನ ಕೊಡುತ್ತದೆ. ಜನಪದ ಕಲೆಗಳೂ ಅದರಲ್ಲಿವೆ. ಗುರುವಿನ ಬಳಿ ಕಲಿತದ್ದಕ್ಕೆ ದಾಖಲೆ ಬೇಕು. ಹೆಜ್ಜೆ ಮೇಳದ ಹಿರಿಯರಿಂದ ಈಗಲೇ ಒಂದು ಪತ್ರ ಬರೆಸಿಟ್ಟುಕೊಳ್ಳಿ. ಅವನ ಹೆಸರಲ್ಲಿ ಆರೋಗ್ಯ ವಿಮೆ ಮಾಡಿಸಿ.

ಮದುವೆ ಹೆಜ್ಜೆ ಕಲಿಸಿದ, ಲೆಕ್ಕ ಬರೆದ ಅಂದರೆ ಕಲೆ ಕೈಬಿಟ್ಟ ಅಂತ ನೊಂದುಕೊಳ್ಳಬೇಡಿ. ನಿಮ್ಮ ಭಾಗದಲ್ಲೇ ಶ್ರೀಕೃಷ್ಣ ಪಾರಿಜಾತ ಆಡುವವರು ಬೆಳತನಕ ಕುಣಿದು, ಮುಖದ ಬಣ್ಣ ತೊಳೆದು, ಹೊಲಕ್ಕೆ ನೀರು ಹಾಯಿಸಲು ಹೋದದ್ದನ್ನು ನಿಮ್ಮ ಅತ್ತಿಯವರು ನೋಡಿರುತ್ತಾರೆ.

ಕೊನೆಗೊಂದು. ಹೊಸ ಮನೆಯ ಫರಸಿ ಮೇಲೆ ಬಿದ್ದು ಮೊಣಕಾಲು ಕೆತ್ತಿಕೊಂಡಿದ್ದಾನೆ, ಅರಿಷಿಣ ಹಚ್ಚುತ್ತಿದ್ದೇನೆ ಎಂದು ಬರೆದಿದ್ದೀರಿ. ಫರಸಿ ಪೆಟ್ಟನ್ನು ನುಂಗುವುದಿಲ್ಲ, ಅಷ್ಟನ್ನೂ ಎಲುಬಿಗೇ ತಿರುಗಿ ಕೊಡುತ್ತದೆ. ಕೌದಿ ಹಾಸಿದರೆ ಕಾಲು ಜಾರುತ್ತದೆ. ಹಿತ್ತಲ ಹಳೇ ಮನೆಯ ಪಡಸಾಲಿ ಮಣ್ಣಿನದು, ಈಗ ಹೊಟ್ಟು ತುಂಬಿದ್ದೇವೆ ಅಂದಿದ್ದೀರಲ್ಲ. ಅವನು ಹೊರಡುವವರೆಗೆ ಅರ್ಧ ಪಡಸಾಲಿ ಖಾಲಿ ಮಾಡಿಸಿ, ಸಗಣಿ ಸಾರಿಸಿ ಕೊಡಿ.

ನಿಮ್ಮ,
ಸಂಪಾದಕ